ಹುಳದ ತಲೆಯಿಂದ ಕ್ಯಾಪ್ಸೂಲಿನವರೆಗೆ

‘ಗುಪ್ತರೋಗ ಗ್ಯಾರಂಟಿ ವಾಸಿ’ ಎಂಬ ಗೋಡೆಬರಹ, ಜಾತ್ರೆಯ ಜಡಿಬೂಟಿ ಡೇರೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯವರಿಗೆ ಹೊಸವೇನಲ್ಲ. ಈಗ ಅದೇ ಮಾತು ಮೊಬೈಲಿಗೆ ಬಂದಿದೆ. ಬೇರು-ನಾರಿನ ಜೊತೆಗೆ ಕಾರ್ಡಿಸೆಪ್ಸ್ ಎಂಬ ಅಣಬೆಯ ಕ್ಯಾಪ್ಸೂಲೂ ಸೇರಿಕೊಂಡಿದೆ.

ಅದರ ತವರು ಹಿಮಾಲಯ. 3,500 ಮೀಟರಿಗೂ ಎತ್ತರದ ಹುಲ್ಲುಗಾವಲಿನಲ್ಲಿ, ಮಣ್ಣೊಳಗೆ ಬದುಕುವ ಪತಂಗದ ಮರಿಹುಳಕ್ಕೆ ಈ ಶಿಲೀಂಧ್ರ ಹತ್ತುತ್ತದೆ. ಒಳಗಿಂದಲೇ ಹುಳವನ್ನು ತಿಂದು ಮುಗಿಸಿ, ಹಿಮ ಕರಗುವ ಹೊತ್ತಿಗೆ ಅದರ ತಲೆಯಿಂದ ಕಂದು ಕಡ್ಡಿಯಾಗಿ ಮೇಲೇಳುತ್ತದೆ. ಉತ್ತರಾಖಂಡದವರಿಗೆ ಅದು ಕೀಡಾಜಡಿ, ನೇಪಾಳದವರಿಗೆ ಯಾರ್ಸಾಗುಂಬಾ. ಟಿಬೆಟ್, ಚೀನಾದ ವೈದ್ಯರು ದಣಿವಿಗೂ ಗಂಡಸ್ತನಕ್ಕೂ ಶತಮಾನಗಳಿಂದ ಕೊಡುತ್ತ ಬಂದಿದ್ದಾರೆ. ಹೊರಜಗತ್ತಿನಲ್ಲಿ ಅದರ ಹೆಸರು ಹಬ್ಬಿದ್ದು 1993ರಲ್ಲಿ. ಚೀನಾದ ವಾಂಗ್ ಜುನ್‌ಶಿಯಾ 10,000 ಮೀಟರ್ ಓಟವನ್ನು 29 ನಿಮಿಷ 31.78 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. ಅವರ ಕೋಚ್ ಮಾ ಜುನ್‌ರೆನ್ ಈ ಅಣಬೆಯನ್ನು ಹೊಗಳಿದರು. ಮಾ ಅವರ ತಂಡದ ಮೇಲೆ ಉದ್ದೀಪನ ಮದ್ದಿನ ಆರೋಪ ಬಂದರೂ ಅಣಬೆಯ ಕೀರ್ತಿ ಇಳಿಯಲಿಲ್ಲ.

ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಇರುವುದು ಅದರ ದಾಯಾದಿ, ಕಾರ್ಡಿಸೆಪ್ಸ್ ಮಿಲಿಟಾರಿಸ್. ಬೇಯಿಸಿದ ಅಕ್ಕಿ ತುಂಬಿದ ಜಾಡಿಗಳಲ್ಲಿ, ತಂಪು ಕೋಣೆಯಲ್ಲಿ, ಕಿತ್ತಳೆ ಬಣ್ಣದ ಕಡ್ಡಿಗಳಾಗಿ ಬೆಳೆಯುತ್ತದೆ. ಬೆಳೆಸುವವರ ಮೇಲೆ ನನ್ನ ತಕರಾರಿಲ್ಲ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಟೆಸ್ಟೋಸ್ಟಿರಾನ್ ಏರಿದ್ದೂ ಉಂಟು. ಆದರೆ ಮನುಷ್ಯರಲ್ಲಿ ನಿಮಿರುವಿಕೆಯ ತೊಂದರೆ ಇದರಿಂದ ವಾಸಿಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಔಷಧಿಯಿಂದ ಲೈಂಗಿಕ ಶಕ್ತಿ ಹೆಚ್ಚುತ್ತದೆಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದ 1954ರ ಕಾಯ್ದೆಯೇ ನಿಷೇಧಿಸಿದೆ.

ಕೊಳ್ಳುವವರನ್ನು ನಾನು ಬೈಯಲಾರೆ. ಹೆಂಡತಿಗೂ ಹೇಳಲಾಗದ ಮಾತನ್ನು ಡಾಕ್ಟರ ಮುಂದೆ ಆಡುವುದು ಸುಲಭವಲ್ಲ. 2025ರ ನವೆಂಬರಿನಲ್ಲಿ ಬೆಂಗಳೂರಿನ ಜ್ಞಾನಭಾರತಿ ಠಾಣೆಗೆ ದೂರು ಕೊಟ್ಟ ಸಾಫ್ಟ್‌ವೇರ್ ಉದ್ಯೋಗಿ, ರಸ್ತೆಬದಿಯ ಡೇರೆಯವರನ್ನು ನಂಬಿ ಸುಮಾರು 48 ಲಕ್ಷ ರೂಪಾಯಿ ಸುರಿದಿದ್ದರು. ಕಿಡ್ನಿಗೂ ಪೆಟ್ಟು ಬಿತ್ತೆಂಬುದು ಅವರ ದೂರು. ಓದಿದವರ ಪಾಡೇ ಹೀಗಾದರೆ ತೊಗರಿ ಮಾರಿದ ದುಡ್ಡಲ್ಲಿ ಡಬ್ಬಿ ತರಿಸುವ ರೈತನ ಗತಿಯೇನು?

ದುಡ್ಡು ಹೋಗುವುದಕ್ಕಿಂತ ದೊಡ್ಡ ಅಪಾಯ ಡಬ್ಬಿಯೊಳಗಿದೆ. ‘ನೈಸರ್ಗಿಕ’ ಎಂದು ಮಾರುವ ಶಕ್ತಿ ಮಾತ್ರೆಗಳಲ್ಲಿ ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಎಂಬ ಔಷಧವನ್ನು ಗುಟ್ಟಾಗಿ ಬೆರೆಸಿದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮತ್ತೆ ಮತ್ತೆ ಪತ್ತೆಹಚ್ಚಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವರ ಮೈಗೆ ಅದು ಸೇರಿದರೆ ಬಿಪಿ ಕುಸಿದು ಜೀವಕ್ಕೇ ಕುತ್ತು. ನಿಮಿರುವಿಕೆಯ ತೊಂದರೆಯಂತೂ ಎಷ್ಟೋ ಸಲ ಸಕ್ಕರೆ ಕಾಯಿಲೆ, ಹೃದಯದ ಬೇನೆಯ ಮೊದಲ ಸುಳಿವು. ತಾಲ್ಲೂಕು ಆಸ್ಪತ್ರೆಯಲ್ಲಿ ಸಕ್ಕರೆ, ಬಿಪಿ ತಪಾಸಣೆ ಪುಕ್ಕಟೆ. ಚೀಟಿ ಮಾಡಿಸಿ ಒಳಗೆ ಹೋಗಿ. ತೊಂದರೆ ಇಂಥದ್ದೆಂದು ಬಾಯಿಬಿಟ್ಟು ಹೇಳಿ. ನುಂಗುತ್ತಿರುವ ಡಬ್ಬಿ ಇದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ.