ಗಾಡಿಗೆ ದಾರಿ ಹೇಳುವ ಯಂತ್ರ: ಆರಿಸುವುದು ಹೇಗೆ, ಬಳಸುವುದು ಹೇಗೆ?



ಕೊಳ್ಳೇಗಾಲ ಬಿಟ್ಟು ಕಾಮಗೆರೆ, ಹನೂರು, ಕೌದಳ್ಳಿ, ತಾಳಬೆಟ್ಟ ದಾಟಿ, ಮಹದೇಶ್ವರ ಬೆಟ್ಟ ಹತ್ತಿ ಇಳಿದು ಪಾಲಾರ್ ಸೇರುವ ದಾರಿ ನಿಮಗೆ ಅಂಗೈಯ ಗೆರೆಯಷ್ಟು ಪರಿಚಿತ. ಆ ದಾರಿಗೆ ನಿಮಗೆ ಯಾವ ಯಂತ್ರವೂ ಬೇಕಿಲ್ಲ. ಆದರೆ ಅರಿಸಿನದ ಮೂಟೆ ಹೇರಿಕೊಂಡು ಈರೋಡಿನ ಮಾರುಕಟ್ಟೆಗೆ ಮೊದಲ ಸಲ ಹೊರಟಾಗ, ಮನೆಯವರನ್ನು ದೂರದ ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುವಾಗ, ಪಾಲಾರ್ ಆಚೆಯ ದಾರಿ ನಿಮಗೂ ಹೊಸದು. ಹಾಗೆಯೇ ನಿಮ್ಮ ಹೊಲಕ್ಕೆ ಮಾಲು ತುಂಬಿಕೊಳ್ಳಲು ಬರುವ ಹೊರಗಿನ ಲಾರಿ ಚಾಲಕನಿಗೆ ನಮ್ಮ ಕಾಡುದಾರಿ ಹೊಸದು.

ಈಗ ಹಳ್ಳಿಯ ಮನೆಮನೆಯಲ್ಲೂ ಮೊಬೈಲ್ ಇದೆ. ಅದರಲ್ಲಿ ಉಪಗ್ರಹದ ನೆರವಿನಿಂದ ದಾರಿ ಹೇಳುವ ಏರ್ಪಾಡೂ ಇದೆ. ಜನ ಇದನ್ನು ಜಿ.ಪಿ.ಎಸ್. ಎನ್ನುತ್ತಾರೆ, ಇಲ್ಲವೆ ಸುಮ್ಮನೆ ‘ಮ್ಯಾಪು’ ಎನ್ನುತ್ತಾರೆ. ಇದು ಒಳ್ಳೆಯ ಸಾಧನ. ಆದರೆ ಇದಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ತಿಳಿಯದೆ ನಂಬಿದರೆ ಅಪಾಯ ತಪ್ಪಿದ್ದಲ್ಲ.

2024ರ ಡಿಸೆಂಬರ್ ತಿಂಗಳಲ್ಲಿ ಗೋವೆಗೆ ಹೊರಟಿದ್ದ ಒಂದು ಕುಟುಂಬದವರು ಮೊಬೈಲಿನ ನಕ್ಷೆ ತೋರಿಸಿದ ಕಡೆಗೆ ಕಾರು ತಿರುಗಿಸಿ, ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನೊಳಗೆ ಸಿಕ್ಕಿಕೊಂಡರು. ಅಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ರಾತ್ರಿಯೆಲ್ಲ ಕಾರಿನಲ್ಲೇ ಕಳೆದು, ಬಳಿಕ ಸಿಗ್ನಲ್ ಸಿಗುವವರೆಗೆ ನಡೆದು 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರು ಬಂದು ಕರೆತಂದರು. ಅದಕ್ಕೆ ಕೆಲವೇ ದಿನ ಮುಂಚೆ, ನವೆಂಬರ್‌ನಲ್ಲಿ, ಉತ್ತರ ಪ್ರದೇಶದಲ್ಲಿ ನಕ್ಷೆಯನ್ನು ನಂಬಿ ಹೋಗುತ್ತಿದ್ದ ಕಾರೊಂದು ರಾಮಗಂಗಾ ನದಿಯ ತುಂಡಾದ ಸೇತುವೆಯಿಂದ ಕೆಳಗೆ ಬಿದ್ದು ಮೂವರು ಸತ್ತರು. ನಮ್ಮ ಹನೂರು ಭಾಗದ ಕಾಡಿನಲ್ಲಿಯೂ ಸಿಗ್ನಲ್ ಇಲ್ಲದ ಜಾಗಗಳಿವೆ, ಆನೆಗಳಿವೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಉಪಗ್ರಹ ಏನು ಹೇಳುತ್ತದೆ?

ಮಿಂಚು ಕಂಡ ಮೇಲೆ ಒಂದು, ಎರಡು, ಮೂರು ಎಂದು ಸೆಕೆಂಡು ಎಣಿಸುತ್ತೀರಿ. ಮೂರಕ್ಕೆ ಗುಡುಗು ಕೇಳಿದರೆ ಸಿಡಿಲು ಬಿದ್ದದ್ದು ಸುಮಾರು ಒಂದು ಕಿಲೋಮೀಟರು ದೂರದಲ್ಲಿ ಎಂದು ತಿಳಿಯಬಹುದು. ಶಬ್ದ ಬರಲು ಹಿಡಿದ ಹೊತ್ತಿನಿಂದ ದೂರ ಗೊತ್ತಾಯಿತು. ಜಿ.ಪಿ.ಎಸ್. ಕೆಲಸ ಮಾಡುವುದೂ ಇದೇ ಲೆಕ್ಕದಲ್ಲಿ.

ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುತ್ತವೆ. ಪ್ರತಿಯೊಂದೂ ‘ನಾನು ಇಂಥ ಕಡೆ ಇದ್ದೇನೆ, ಈಗ ಸಮಯ ಇಷ್ಟು’ ಎಂದು ರೇಡಿಯೋ ಅಲೆಯ ಮೂಲಕ ಸಾರುತ್ತಲೇ ಇರುತ್ತದೆ. ಆ ಅಲೆ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ವೇಗದಲ್ಲಿ ಬರುತ್ತದೆ. ಅದು ಬರಲು ಹಿಡಿದ ಹೊತ್ತನ್ನು ನಿಮ್ಮ ಕೈಯಲ್ಲಿರುವ ಯಂತ್ರ ಅಳೆದು ದೂರ ಲೆಕ್ಕ ಹಾಕುತ್ತದೆ. ಹೊತ್ತಿನ ಲೆಕ್ಕ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರ 300 ಮೀಟರು ತಪ್ಪುತ್ತದೆ. ಅದಕ್ಕಾಗಿ ಉಪಗ್ರಹಗಳಲ್ಲಿ ಬಹಳ ನಿಖರವಾದ ಪರಮಾಣು ಗಡಿಯಾರಗಳನ್ನು ಇಟ್ಟಿದ್ದಾರೆ. ನಿಮ್ಮ ಯಂತ್ರದ ಗಡಿಯಾರ ಅಷ್ಟು ನಿಖರವಲ್ಲ. ಆದ್ದರಿಂದ ಸ್ಥಳ ಗೊತ್ತುಮಾಡಲು ಮೂರು ಉಪಗ್ರಹ, ಗಡಿಯಾರದ ತಪ್ಪು ಸರಿಪಡಿಸಲು ಇನ್ನೊಂದು, ಹೀಗೆ ಕಡಮೆ ಎಂದರೂ ನಾಲ್ಕು ಉಪಗ್ರಹಗಳ ಮಾತು ಕೇಳಿಸಬೇಕು.

ನಮ್ಮ ದೇಶವೂ ಇಂಥ ಉಪಗ್ರಹಗಳನ್ನು ಹಾರಿಸಿದೆ. ಮೊದಲನೆಯದು 2013ರ ಜುಲೈ 1ರಂದು ಹಾರಿತು. 2016ರಲ್ಲಿ ಈ ವ್ಯವಸ್ಥೆಗೆ ‘ನಾವಿಕ್’ ಎಂದು ಹೆಸರಿಟ್ಟರು. ಇದರ ಸಮಯ ಮತ್ತು ಲೆಕ್ಕವನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಿ. ನಿಮ್ಮ ಯಂತ್ರ ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಮನೆಯ ರೇಡಿಯೋದಂತೆ ಕೇಳಿಸಿಕೊಳ್ಳುತ್ತದೆ, ಅಷ್ಟೆ. ಇದಕ್ಕೆ ಹಣವಿಲ್ಲ, ಮೊಬೈಲ್ ಸಿಗ್ನಲ್ಲೂ ಬೇಕಿಲ್ಲ. ಆಕಾಶ ಕಂಡರೆ ಸಾಕು.

ಉಪಗ್ರಹ ಬೇರೆ, ನಕ್ಷೆ ಬೇರೆ

ಹಾಗಾದರೆ ಕಾಡಿನಲ್ಲಿ ಮೊಬೈಲಿನ ಮ್ಯಾಪು ನಿಂತುಹೋಗುವುದೇಕೆ? ಉಪಗ್ರಹ ಹೇಳುವುದು ‘ನೀನು ಇಲ್ಲಿದ್ದೀಯೆ’ ಎಂಬುದನ್ನು ಮಾತ್ರ. ಇಲ್ಲಿಂದ ಯಾವ ರಸ್ತೆ ಎತ್ತ ಹೋಗುತ್ತದೆ ಎಂಬುದನ್ನು ಹೇಳುವುದು ನಕ್ಷೆ. ಮೊಬೈಲು ಆ ನಕ್ಷೆಯನ್ನು ಇಂಟರ್‌ನೆಟ್ಟಿನಿಂದ ಸ್ವಲ್ಪಸ್ವಲ್ಪವಾಗಿ ತರಿಸಿಕೊಳ್ಳುತ್ತಾ ಹೋಗುತ್ತದೆ. ಸಿಗ್ನಲ್ ತಪ್ಪಿದೊಡನೆ ನಕ್ಷೆ ಬರುವುದು ನಿಲ್ಲುತ್ತದೆ. ಪರದೆಯ ಮೇಲೆ ಖಾಲಿ ಜಾಗ, ಅದರ ನಡುವೆ ನೀವೊಂದು ಚುಕ್ಕೆ!

ಇನ್ನು ನಕ್ಷೆಯಾದರೂ ಯಾರೋ ಎಂದೋ ಬರೆದದ್ದು. ಮೊನ್ನೆಯ ಮಳೆಗೆ ಮೋರಿ ಕಿತ್ತುಹೋದದ್ದು, ಅರಣ್ಯ ಇಲಾಖೆಯ ಗೇಟು ಹಾಕಿರುವುದು ಅದಕ್ಕೆ ತಿಳಿದಿರಬೇಕೆಂದಿಲ್ಲ. ಎಲ್ಲಿದ್ದೀರಿ ಎಂಬ ವಿಷಯದಲ್ಲಿ ಯಂತ್ರವನ್ನು ಬಹುಮಟ್ಟಿಗೆ ನಂಬಬಹುದು. ಯಾವ ದಾರಿ ಹಿಡಿಯಬೇಕು ಎಂಬ ವಿಷಯದಲ್ಲಿ ಮಾತ್ರ ಅದರ ಮಾತನ್ನು ಒಂದು ಸಲಹೆ ಎಂದು ಎಣಿಸಿ, ಪರೀಕ್ಷಿಸಿ ನಡೆಯಿರಿ.

ಯಾವುದನ್ನು ಕೊಳ್ಳಬೇಕು?

ಪೇಟೆಯಲ್ಲಿ ‘ಜಿ.ಪಿ.ಎಸ್.’ ಎಂಬ ಹೆಸರಿನಲ್ಲಿ ಮೂರು ಬಗೆಯ ವಸ್ತುಗಳು ಸಿಗುತ್ತವೆ. ಬೆರಸಿಕೊಳ್ಳಬೇಡಿ.

ಒಂದನೆಯದು ಮೊಬೈಲು. ಹೆಚ್ಚಿನ ರೈತರಿಗೆ ಇದೇ ಸಾಕು. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ದಾರಿಯನ್ನು ಕನ್ನಡದಲ್ಲಿಯೇ ಹೇಳುವಂತೆಯೂ ಮಾಡಿಕೊಳ್ಳಬಹುದು.

ಎರಡನೆಯದು ಗಾಡಿಯ ಮುಂಭಾಗದಲ್ಲಿ ಕೂರಿಸುವ ಪ್ರತ್ಯೇಕ ಯಂತ್ರ. ಇದರಲ್ಲಿ ನಕ್ಷೆ ಮೊದಲೇ ತುಂಬಿರುತ್ತದೆ. ಸಿಗ್ನಲ್ ಇಲ್ಲದ ದಾರಿಯಲ್ಲಿ ದಿನವೂ ಬಾಡಿಗೆ ಓಡಿಸುವವರಿಗೆ ಇದು ಅನುಕೂಲ. ಆದರೆ ಕೊಳ್ಳುವ ಮುನ್ನ ಎರಡು ಪ್ರಶ್ನೆ ಕೇಳಿ: ಕರ್ನಾಟಕ, ತಮಿಳುನಾಡು ಎರಡರ ನಕ್ಷೆಯೂ ಇದೆಯೇ? ಹೊಸ ನಕ್ಷೆ ತುಂಬಲು ಹಣ ಕೊಡಬೇಕೇ?

ಮೂರನೆಯದು ಗಾಡಿಯೊಳಗೆ ಅಡಗಿಸಿ ಇಡುವ ಪೆಟ್ಟಿಗೆ. ಇದು ಚಾಲಕನಿಗೆ ದಾರಿ ಹೇಳುವುದಿಲ್ಲ. ಗಾಡಿ ಎಲ್ಲಿದೆ ಎಂದು ಮಾಲೀಕನಿಗೆ ತಿಳಿಸುತ್ತದೆ. ಟ್ರ್ಯಾಕ್ಟರ್ ಕಳವಾದೀತೆಂಬ ಭಯವಿದ್ದವರಿಗೆ ಉಪಯೋಗವುಂಟು. ಇದು ಸುದ್ದಿ ಕಳಿಸುವುದು ಒಳಗಿನ ಮೊಬೈಲ್ ಸಿಮ್ ಮೂಲಕ. ಆದ್ದರಿಂದ ಸಿಮ್ಮಿಗೆ ಹಣ ಕಟ್ಟುತ್ತಿರಬೇಕು. ದಾರಿ ಬೇಕೆಂದು ಹೋದವರು ಇದನ್ನು ತಂದರೆ ಹಣ ದಂಡ.

ಯಾವುದನ್ನೇ ಕೊಂಡರೂ ಈ ಅಂಶಗಳನ್ನು ನೋಡಿ:

1. ಜಿ.ಪಿ.ಎಸ್. ಜೊತೆಗೆ ನಾವಿಕ್, ರಷ್ಯದ ಗ್ಲೋನಾಸ್, ಯೂರೋಪಿನ ಗೆಲಿಲಿಯೋ ಮುಂತಾದವನ್ನೂ ಹಿಡಿಯುವ ಯಂತ್ರ ಲೇಸು. ಬೆಟ್ಟದ ಮರೆಯಲ್ಲಿ ಒಂದು ಉಪಗ್ರಹ ತಪ್ಪಿದರೆ ಇನ್ನೊಂದು ಸಿಗುತ್ತದೆ.

2. ಕಾರು, ಟ್ರ್ಯಾಕ್ಟರುಗಳ ಬ್ಯಾಟರಿ 12 ವೋಲ್ಟ್. ದೊಡ್ಡ ಲಾರಿಗಳದು ಸಾಮಾನ್ಯವಾಗಿ 24 ವೋಲ್ಟ್. ಗಾಡಿಗೆ ಒಪ್ಪುವ ಚಾರ್ಜರ್ ಕೊಳ್ಳಿ. ದಾರಿ ತೋರಿಸುವಾಗ ಮೊಬೈಲಿನ ಬ್ಯಾಟರಿ ಬೇಗ ಇಳಿಯುತ್ತದೆ.

3. ಮೊಬೈಲನ್ನು ಗಟ್ಟಿಯಾಗಿ ಹಿಡಿಯುವ ಸ್ಟ್ಯಾಂಡ್ ಇರಲಿ. ಅದನ್ನು ಮುಂದಿನ ದಾರಿ ಮರೆಯಾಗದಂತೆ ಕೆಳಗೆ ಕೂರಿಸಿ. ನೇರ ಬಿಸಿಲು ಬಿದ್ದರೆ ಮೊಬೈಲು ಕಾದು ನಿಂತುಹೋಗಬಹುದು.

ಹೊರಡುವ ಮುನ್ನ

ಹೊಲಕ್ಕೆ ಹೋಗುವ ಮುನ್ನ ನೇಗಿಲು ನೋಡಿಕೊಳ್ಳುವಂತೆ, ಪ್ರಯಾಣಕ್ಕೆ ಮುನ್ನ ಮನೆಯಲ್ಲೇ ಈ ಕೆಲಸಗಳನ್ನು ಮುಗಿಸಿಕೊಳ್ಳಿ.

ಮೊದಲನೆಯದಾಗಿ, ಸಿಗ್ನಲ್ ಚೆನ್ನಾಗಿರುವಾಗಲೇ ಹೋಗುವ ಪ್ರದೇಶದ ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಳ್ಳಿ. ಇದಕ್ಕೆ ‘ಆಫ್‌ಲೈನ್ ಮ್ಯಾಪ್’ ಎಂದು ಹೆಸರು. ಹನೂರಿನಿಂದ ಮೆಟ್ಟೂರಿಗೆ ಹೋಗುವವರು ಪಾಲಾರ್ ಎರಡೂ ಬದಿಯ ನಕ್ಷೆ ಇಳಿಸಿಕೊಳ್ಳಬೇಕು. ನಿಮಗೆ ಬಾರದಿದ್ದರೆ ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಕೇಳಿ, ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಅನಂತರ ಮೊಬೈಲ್ ಡೇಟಾ ನಿಲ್ಲಿಸಿ, ಅಂಗಳದಲ್ಲಿ ನಿಂತು ಪರೀಕ್ಷಿಸಿ. ನಕ್ಷೆಯೂ ನಿಮ್ಮ ಚುಕ್ಕೆಯೂ ಕಂಡರೆ ಕಾಡಿನಲ್ಲಿಯೂ ಕಾಣುತ್ತವೆ.

ಎರಡನೆಯದಾಗಿ, ಕಾಡು ಹೊಗುವ ಮೊದಲೇ ಬಯಲಿನಲ್ಲಿ ಯಂತ್ರವನ್ನು ಚಾಲೂ ಮಾಡಿ. ಉಪಗ್ರಹ ಎಲ್ಲಿದೆ ಎಂಬ ಮಾಹಿತಿಯನ್ನು ಆ ಉಪಗ್ರಹದಿಂದಲೇ ಕೇಳಿಕೊಳ್ಳಲು ಅರ್ಧ ನಿಮಿಷವಾದರೂ ಬೇಕು. ಮರಗಳ ಕೆಳಗೆ, ಬೆಟ್ಟದ ಮಗ್ಗುಲಲ್ಲಿ ಇನ್ನೂ ತಡವಾಗುತ್ತದೆ.

ಮೂರನೆಯದಾಗಿ, ಯಂತ್ರ ಆರಿಸಿದ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿ. ಈರೋಡಿಗೆ ಪಾಲಾರ್, ಮೆಟ್ಟೂರು ಮೇಲೆ ಹೋಗಬಹುದು; ಗರಿಕೆಕಂಡಿ, ಬರಗೂರು, ಅಂದಿಯೂರು ಮೇಲೆ ಹೋಗಬಹುದು; ಚಾಮರಾಜನಗರದಿಂದ ದಿಂಬಂ ಘಟ್ಟ ಇಳಿದು ಸತ್ಯಮಂಗಲದ ಮೇಲೂ ಹೋಗಬಹುದು. ಯಂತ್ರ ಇವುಗಳಲ್ಲಿ ಬೇಗ ತಲುಪುವುದನ್ನು ಆರಿಸುತ್ತದೆ. ಮೂರೂ ಕಾಡಿನ, ಘಟ್ಟದ ದಾರಿಗಳೇ. ದಿಂಬಂ ಘಟ್ಟದಲ್ಲಿ 27 ಕಡಿದಾದ ತಿರುವುಗಳಿವೆ. ಅಲ್ಲಿ 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿಯ ಸಂಚಾರಕ್ಕೂ ಭಾರಿ ಲಾರಿಗಳಿಗೂ ನಿರ್ಬಂಧ ಬಂತು. ಸಾಮಾನ್ಯ ಮೊಬೈಲ್ ನಕ್ಷೆ ನಿಮ್ಮದು ಕಾರೋ, ಹತ್ತು ಟನ್ನಿನ ಲಾರಿಯೋ ಎಂದು ನೋಡುವುದಿಲ್ಲ. ಯಾವ ಗಾಡಿಯನ್ನು ಎಷ್ಟು ಹೊತ್ತಿನವರೆಗೆ ಬಿಡುತ್ತಾರೆ ಎಂದು ಆ ದಿನವೇ ಚೆಕ್‌ಪೋಸ್ಟಿನಲ್ಲಿಯೋ, ಅಂದು ಆ ದಾರಿಯಲ್ಲಿ ಬಂದ ಚಾಲಕರನ್ನೋ ಕೇಳಿ. ಇನ್ನೊಂದು ಎಚ್ಚರ: ಮೊಬೈಲಿನಲ್ಲಿ ಬೈಕಿನ ಗುರುತು ಒತ್ತಿದ್ದರೆ ಬೈಕು ಮಾತ್ರ ಹೋಗುವ ಓಣಿಯನ್ನೂ ಅದು ತೋರಿಸೀತು. ಕಾರು, ಲಾರಿಯವರು ಕಾರಿನ ಗುರುತನ್ನೇ ಒತ್ತಬೇಕು.

ಹೆಸರಿನಿಂದ ಆಗುವ ಮೋಸ

‘ಪಾಲಾರ್’ ಎಂದಷ್ಟೇ ಬರೆದರೆ ಯಂತ್ರ ಬೇರೆ ಪಾಲಾರನ್ನು ತೋರಿಸಬಹುದು. ನಂದಿಬೆಟ್ಟದ ಕಡೆ ಹುಟ್ಟಿ ಕೋಲಾರದ ಮೇಲೆ ತಮಿಳುನಾಡಿಗೆ ಹರಿಯುವ ದೊಡ್ಡ ನದಿಗೂ ಅದೇ ಹೆಸರು. ನಮ್ಮ ಪಾಲಾರ್ ಹಳ್ಳವಾದರೋ ಕಾವೇರಿಗೆ ಸೇರುವಂಥದು. ರಾಮಾಪುರಗಳಂತೂ ನಾಡಿನಲ್ಲಿ ಲೆಕ್ಕವಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಂದಕ್ಷರ ತಪ್ಪಿದರೆ ಹನೂರು ಹೋಗಿ ಯಳಂದೂರು ತಾಲ್ಲೂಕಿನ ಹೊನ್ನೂರು ಆದೀತು. ಊರಿನ ಜೊತೆಗೆ ತಾಲ್ಲೂಕು, ಜಿಲ್ಲೆ ಬರೆಯಿರಿ. ಬಳಿಕ ಯಂತ್ರ ಹೇಳುವ ದೂರವನ್ನು ನೋಡಿ. ನೀವು ಬಲ್ಲ ದೂರಕ್ಕೂ ಅದಕ್ಕೂ ಹೊಂದದಿದ್ದರೆ ಊರು ತಪ್ಪಿದೆ ಎಂದೇ ತಿಳಿಯಿರಿ.

ದಾರಿಯಲ್ಲಿ

2020ರ ಅಕ್ಟೋಬರ್ 1ರಿಂದ ಬಂದ ಮೋಟಾರು ವಾಹನ ನಿಯಮದಂತೆ, ಗಾಡಿ ನಡೆಸುವಾಗ ಮೊಬೈಲನ್ನು ದಾರಿ ನೋಡಲು ಮಾತ್ರ, ಅದೂ ಗಮನ ತಪ್ಪದ ರೀತಿಯಲ್ಲಿ, ಬಳಸಬಹುದು. ಊರಿನ ಹೆಸರು ಬರೆಯುವುದು, ದಾರಿ ಬದಲಿಸುವುದು ಇವೆಲ್ಲ ಗಾಡಿ ನಿಲ್ಲಿಸಿದ ಮೇಲೆ. ಓಡುವಾಗ ಧ್ವನಿ ಕೇಳಿ, ಕಣ್ಣು ರಸ್ತೆಯ ಮೇಲಿರಲಿ.

ಘಟ್ಟದ ತಿರುವುಗಳಲ್ಲಿ ಮೇಲಿನ ರಸ್ತೆಗೂ ಕೆಳಗಿನ ರಸ್ತೆಗೂ ಅಂತರ ಕಡಮೆ. ಅಲೆಗಳು ಬಂಡೆಗೆ ಬಡಿದು ಬರುವುದರಿಂದ ಲೆಕ್ಕ ತಪ್ಪಿ, ನಿಮ್ಮ ಚುಕ್ಕೆ ಒಮ್ಮೆಗೇ ಕೆಳಗಿನ ರಸ್ತೆಗೆ ನೆಗೆಯಬಹುದು. ಆಗ ಯಂತ್ರ ‘ತಿರುಗಿ’ ಎಂದರೆ ಗಾಬರಿಯಿಂದ ತಿರುಗಿಸಬೇಡಿ. ಸ್ವಲ್ಪ ಹೊತ್ತಿನಲ್ಲಿ ತಾನೇ ಸರಿಹೋಗುತ್ತದೆ.

ಡಾಂಬರು ಮುಗಿದು ಮಣ್ಣುದಾರಿ ಬಂದರೆ, ರಸ್ತೆ ಕಿರಿದಾದರೆ, ಎದುರು ಗಾಡಿಯೇ ಕಾಣದಿದ್ದರೆ ನಿಲ್ಲಿಸಿ. ಮುಂದೆ ಸರಿಹೋದೀತು ಎಂದು ಹೋಗಬೇಡಿ. ಬಂದ ದಾರಿಯಲ್ಲೇ ಹಿಂದಿರುಗಿ ಕೊನೆಯ ಹಳ್ಳಿಯಲ್ಲಿ ವಿಚಾರಿಸಿ. ಸಂಜೆಯ ಮೇಲೆ ಕಾಡಿನಲ್ಲಿ ಸಿಕ್ಕಿಕೊಂಡರೆ ಗಾಡಿ ಬಿಟ್ಟು ಇಳಿದು ಹೋಗಬೇಡಿ. ಸಿಗ್ನಲ್ ಇದ್ದರೆ 112ಕ್ಕೆ ಕರೆ ಮಾಡಿ, ಯಂತ್ರ ತೋರಿಸುವ ಅಂಕಿಗಳನ್ನು ಓದಿ ಹೇಳಿ.

ನಿಮ್ಮ ಹೊಲಕ್ಕೂ ಒಂದು ಗುರುತು

ಆ ಅಂಕಿಗಳೇನೆಂದು ಈಗ ನೋಡೋಣ. ಭೂಮಿಯ ಮೇಲಿನ ಪ್ರತಿ ಜಾಗಕ್ಕೂ ಅಕ್ಷಾಂಶ, ರೇಖಾಂಶ ಎಂಬ ಎರಡು ಅಂಕಿಗಳುಂಟು. ಕೊಳ್ಳೇಗಾಲಕ್ಕೆ ಇವು ಸುಮಾರು 12.15 ಮತ್ತು 77.12. ಚುಕ್ಕೆಯ ಮುಂದೆ ನಾಲ್ಕು ಅಂಕಿ ಬರೆದರೆ ಹತ್ತು ಹನ್ನೊಂದು ಮೀಟರಿನೊಳಗೆ ಜಾಗ ಗೊತ್ತಾಗುತ್ತದೆ. ಎಂದರೆ ನಿಮ್ಮ ಹೊಲದ ಗೇಟೇ ಸಿಕ್ಕಂತೆ.

ಒಂದು ದಿನ ಬಿಡುವಿನಲ್ಲಿ ಮನೆಯ ಬಾಗಿಲಲ್ಲಿ ನಿಂತು ಮೊಬೈಲಿನ ನಕ್ಷೆಯಲ್ಲಿ ನಿಮ್ಮ ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ. ಅಲ್ಲಿ ಬರುವ ಅಂಕಿಗಳನ್ನು ಗೋಡೆಯ ಮೇಲೆ ಬರೆದಿಡಿ. ತೋಟದ ಮನೆಯಲ್ಲಿ ಇರುವವರು ಇದನ್ನು ತಪ್ಪದೆ ಮಾಡಬೇಕು. ನಡುರಾತ್ರಿ ಹೆರಿಗೆ ನೋವು ಬಂದಾಗ, ಹಾವು ಕಡಿದಾಗ, 108ಕ್ಕೆ ಕರೆ ಮಾಡಿ ‘ಆಲದ ಮರದ ಹತ್ತಿರ ಎಡಕ್ಕೆ’ ಎಂದು ಹೇಳುವುದರ ಜೊತೆಗೆ ಈ ಅಂಕಿಗಳನ್ನೂ ಹೇಳಬಹುದು. ಮಾಲಿಗೆ ಬರುವ ಲಾರಿಯವನಿಗೂ ಇವನ್ನೇ ಕಳಿಸಿ, ಜೊತೆಗೆ ಲಾರಿ ಬರಬಲ್ಲ ದಾರಿ ಯಾವುದೆಂದು ಬಾಯಲ್ಲೂ ಹೇಳಿ.

ಬಾಂಧವರೇ, ಯಂತ್ರ ಬಂತೆಂದು ಬಾಯಿ ಮುಚ್ಚಿಕೊಳ್ಳಬೇಕಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಇದೆಯಲ್ಲ! ನಕ್ಷೆ ಇಳಿಸಿಕೊಳ್ಳಿ, ದಾರಿ ಮೊದಲೇ ನೋಡಿಕೊಳ್ಳಿ, ಹಗಲಿನಲ್ಲೇ ಕಾಡು ದಾಟಿ, ಸಂಶಯ ಬಂದಲ್ಲಿ ನಿಂತು ಕೇಳಿ. ಈ ನಾಲ್ಕನ್ನು ಪಾಲಿಸಿದರೆ ಮಾಲೂ ಮಾರುಕಟ್ಟೆ ಸೇರುತ್ತದೆ, ನೀವೂ ಸುಖವಾಗಿ ಮನೆ ಸೇರುತ್ತೀರಿ.