ಎಲೆ ಹಳದಿಯಾದರೆ ಬೇರು ನೋಡುವವರು ನಾವು

ಸಂಘದ ಸದಸ್ಯರೊಡನೆ ಬಯಲುಸೀಮೆಯ ಪ್ರವಾಸ ಕೈಗೊಂಡಿದ್ದಾಗ ನಾವು ಬಾದಾಮಿ ತಾಲ್ಲೂಕಿನ ಶಿವಯೋಗ ಮಂದಿರದಲ್ಲಿ ಅರ್ಧ ದಿನ ಕಳೆದೆವು. ಮಲಪ್ರಭೆಯ ದಂಡೆಯ ಮೇಲೆ ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ, ಮುಂದೆ ಮಠಗಳ ಹೊಣೆ ಹೊರಬೇಕಾದ ವಟುಗಳಿಗೆ ಶಿಕ್ಷಣ ನಡೆಯುತ್ತದೆ. ನಮ್ಮೊಡನಿದ್ದ ಹಿರಿಯ ಬೆಳೆಗಾರರೊಬ್ಬರು, "ಈ ಹುಡುಗರನ್ನ ಬೆಳಗಾಗೆ ಎಬ್ಬಿಸೋರು ಯಾರು ಸ್ವಾಮಿ? ನಮ್ಮನೆ ಹುಡುಗ ಎಂಟಾದ್ರೂ ಏಳೋಲ್ಲ" ಎಂದರು. ಎಲ್ಲರೂ ನಕ್ಕೆವು. ಆದರೆ ಅದೇ ಹುಡುಗ ಅಲ್ಲಿದ್ದಿದ್ದರೆ ಏಳುತ್ತಿದ್ದ; ಸ್ವಭಾವ ಬದಲಾಗಿ ಅಲ್ಲ, ಪಕ್ಕದವನು ಎದ್ದಿರುತ್ತಾನೆಂದು.

ಸದಸ್ಯನೊಬ್ಬ ಅಡಿಕೆಯನ್ನು ಖಾಸಗಿ ಮಂಡಿಗೆ ಹಾಕಿದರೆ "ಅವನಿಗೆ ಸಹಕಾರ ಮನೋಭಾವವಿಲ್ಲ" ಎಂದುಬಿಡುತ್ತೇವೆ. ಇದು ರೋಗಕ್ಕೆ ಹೆಸರಿಟ್ಟಂತಾಯಿತೇ ಹೊರತು ಕಾರಣ ಕಂಡಂತಾಗಲಿಲ್ಲ. ತೋಟದಲ್ಲಿ ಎಲೆ ಹಳದಿಯಾದರೆ ಬೇರು ನೋಡುತ್ತೇವೆ, ಬಸಿಗಾಲುವೆ ನೋಡುತ್ತೇವೆ. ಮನುಷ್ಯನ ವಿಷಯದಲ್ಲಿ ಮಾತ್ರ ಎಲೆಯನ್ನೇ ಬೈಯುತ್ತೇವೆ.

ಸಮಾಜ ವಿಜ್ಞಾನಿಗಳಲ್ಲಿ ಬೇರು ನೋಡಿದವರುಂಟು. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯದ ಕಡೆಯ ಎರಡು ಹಳ್ಳಿಗಳನ್ನು ಅಭ್ಯಸಿಸಿ 1962ರಲ್ಲಿ ಗ್ರಂಥ ಪ್ರಕಟಿಸಿದರು. ಹಳ್ಳಿಗಳಿಗೆ ಆಕೆ ಇಟ್ಟ ಮರೆಹೆಸರು ವಾಂಗಲ ಮತ್ತು ದಲೇನ. ಎರಡರಲ್ಲೂ ಒಕ್ಕಲಿಗರೇ ಪ್ರಬಲರು. ವಿಶ್ವೇಶ್ವರಯ್ಯ ನಾಲೆಯ ನೀರು ವಾಂಗಲಕ್ಕೆ ಹರಿಯಿತು; ದಲೇನದ ಭೂಮಿ ಎತ್ತರದ್ದಾದ್ದರಿಂದ ಅಲ್ಲಿಗೆ ಏರಲಿಲ್ಲ. ನೀರು ಬಂದ ಊರು ಕಬ್ಬು ಬೆಳೆದು ಅನುಕೂಲ ಕಂಡಿತಾದರೂ ಹಳೆಯ ನಡವಳಿಕೆಯಲ್ಲೇ ಉಳಿಯಿತು. ಆಳು-ಒಡೆಯರ ವಂಶಪಾರಂಪರ್ಯದ ಸಂಬಂಧವೂ ಕದಲಲಿಲ್ಲ. ನೀರು ಬಾರದ ದಲೇನದವರೇ ಮಂಡ್ಯಕ್ಕೆ ಕೆಲಸಕ್ಕೆ ಹೋದರು, ವ್ಯಾಪಾರಕ್ಕಿಳಿದರು, ನೆರೆಯೂರುಗಳಲ್ಲಿ ಗದ್ದೆ ಕೊಂಡರು. ಹಳೆಯ ಕಟ್ಟುಗಳು ಸಡಿಲಿದ್ದು ಅಲ್ಲಿ. ಸಾಹಸ ಪ್ರವೃತ್ತಿ ರಕ್ತದಲ್ಲೇ ಇರುತ್ತದೆನ್ನುವವರು ಇದಕ್ಕೇನು ಹೇಳುತ್ತಾರೋ!

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಮಂಡಿಸಿದ ವಿಚಾರವೊಂದನ್ನು ನಮ್ಮ ಭಾಷೆಗೆ ಇಳಿಸಿ ಹೇಳುವುದಾದರೆ ಹೀಗೆ. ಹತ್ತು ಜನ ಬೆಳೆಗಾರರಿದ್ದಾರೆ. ಮೊದಲನೆಯವನು ಯಾರನ್ನೂ ನೋಡದೆ ಹೊರಗೆ ಮಾರುತ್ತಾನೆ. ಎರಡನೆಯವನು ಒಬ್ಬ ಮಾರಿದರೆ, ಮೂರನೆಯವನು ಇಬ್ಬರು ಮಾರಿದರೆ, ಹೀಗೆ ಹತ್ತೂ ಜನ. ಎರಡನೆಯವನು ಮಾತ್ರ "ಇಬ್ಬರಾದರೂ ಹೋಗಲಿ, ನೋಡೋಣ" ಎನ್ನುವವನಾಗಿದ್ದರೆ, ಒಂಬತ್ತು ಜನ ಸಂಘದಲ್ಲೇ ಉಳಿಯುತ್ತಾರೆ. ಊರಿಗೆ ಊರೇ ಕೆಟ್ಟಿತೆಂದು ನಾವು ಹಲುಬುವಾಗ ವ್ಯತ್ಯಾಸವಿದ್ದದ್ದು ಒಬ್ಬನ ಮನಸ್ಸಿನ ಒಂದಂಗುಲದಲ್ಲಿ.

ಹಿಂದಿರುಗುವ ಹಾದಿಯಲ್ಲಿ ಗದಗಿನ ಬಳಿಯ ಕಣಗಿನಹಾಳಕ್ಕೂ ಹೋದೆವು. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದ ಊರು. 1904ರ ಕಾಯಿದೆಯ ಪ್ರಕಾರ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತ. ನೆರೆಯವನು ಸಾಲ ತೀರಿಸದಿದ್ದರೆ ತನ್ನ ಮನೆಗೇ ಬರುತ್ತದೆಂದಾಗ ಯಾರಿಗೆ, ಏತಕ್ಕೆ ಸಾಲ ಎಂಬುದನ್ನು ಎಲ್ಲರೂ ವಿಚಾರಿಸಲೇಬೇಕು. ಬರಿಯ ಉಪದೇಶದ ಮೇಲೆ ಕಟ್ಟಿದ ವ್ಯವಸ್ಥೆ ಅದಲ್ಲ.

ಇಷ್ಟು ಬರೆದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕು. ಹಿಂದೊಮ್ಮೆ ಧಾರಣೆ ಏರಿದಾಗ ಹೊರಗೆ ಮಾರಿದ ಸದಸ್ಯರೊಬ್ಬರಿಗೆ ನಾವು ಖಾರವಾಗಿಯೇ ಕಾಗದ ಬರೆದೆವು. ಪ್ರವಾಸದಿಂದ ಬಂದವರು ಅವರ ಮನೆಗೇ ಹೋಗಿ, ಗದರಿಸದೆ, ಸುಮ್ಮನೆ ಕೇಳಿದೆವು. "ಮಂಡಿಯವನು ಕೊಟ್ಟ ರೇಟು ನಿಮ್ಮದಕ್ಕಿಂತ ಕಮ್ಮಿನೇ ಸೆಕ್ರೆಟರಿಗಳೇ. ಆದರೆ ಸಂಜೆಗೇ ದುಡ್ಡು ಕೊಟ್ಟ. ಕೊನೆಗಾರರು ಬಾಗಿಲಲ್ಲಿ ಕೂತಿದ್ದರು" ಎಂದರು. ನಮ್ಮಲ್ಲಿ ಹಣ ಕೈಸೇರಲು ಹನ್ನೆರಡು ದಿನ.

ತೂಕದ ದಿನವೇ ಒಂದು ಪಾಲನ್ನು ಮುಂಗಡವಾಗಿ ಕೊಡುವ ಸೂಚನೆಯನ್ನು ಮುಂದಿನ ಮಹಾಸಭೆಗೆ ತರುತ್ತಿದ್ದೇವೆ. ಅದಕ್ಕೆ ಬಂಡವಾಳ ಎಲ್ಲಿಂದ ಎಂದು ನಿರ್ದೇಶಕರೊಬ್ಬರು ಆಗಲೇ ಕೇಳಿದ್ದಾರೆ. ಉತ್ತರ ಇನ್ನೂ ನಮ್ಮ ಕೈಯಲ್ಲಿಲ್ಲ.