ಕನ್ನಡಿ ತಿರುಗಿದರೆ ಚಿತ್ರ ಅರಳುತ್ತದೆ

1976ರ ಆರಂಭದ ಮಾತು. ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂನಲ್ಲಿದ್ದ ತಮ್ಮ ಕಂಪ್ಯೂಟರ್ ಅಂಗಡಿಯ ಕಿಟಕಿಯಲ್ಲಿ ಸ್ಟ್ಯಾನ್ ವೀಟ್ ಒಂದು ಕಲರ್ ಟಿ.ವಿ.ಯನ್ನು ರಸ್ತೆಗೆ ಮುಖ ಮಾಡಿ ಇಟ್ಟರು. ಪರದೆಯ ಮೇಲೆ ಬಣ್ಣದ ಚೌಕಗಳು ಕೂಡುತ್ತಿದ್ದವು, ಒಡೆಯುತ್ತಿದ್ದವು, ಮತ್ತೆ ಹೊಸ ರೂಪದಲ್ಲಿ ಕೂಡುತ್ತಿದ್ದವು. ಅದನ್ನು ನೋಡಲು ವಾಹನಗಳು ನಿಂತು ಸಂಚಾರವೇ ಕಟ್ಟಿಕೊಂಡಿತು. ಟಿ.ವಿ.ಗೆ ಚಿತ್ರ ಕಳಿಸುತ್ತಿದ್ದದ್ದು ಕ್ರೊಮೆಮ್ಕೊ ಕಂಪನಿಯ ‘ಡ್ಯಾಜ್ಲರ್’ ಎಂಬ ಗ್ರಾಫಿಕ್ಸ್ ಕಾರ್ಡ್. ಅದರಲ್ಲಿ ಓಡುತ್ತಿದ್ದದ್ದು ಲಿ-ಚೆನ್ ವಾಂಗ್ ಬರೆದ ‘ಕೆಲೈಡೋಸ್ಕೋಪ್’ ಎಂಬ ಪ್ರೋಗ್ರಾಂ. ಇಡೀ ಪ್ರೋಗ್ರಾಂನ ಗಾತ್ರ 127 ಬೈಟ್. ಇಂದಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಷ್ಟು ಜಾಗದಲ್ಲಿ ನಾವು ಒಂದು ಪುಟ್ಟ ವಾಕ್ಯವನ್ನಷ್ಟೇ ಬರೆಯಬಲ್ಲೆವು.

ಇಷ್ಟು ಕಡಿಮೆಯಲ್ಲಿ ಅಷ್ಟು ವೈಭವ ಸಾಧ್ಯವಾದದ್ದು ಪ್ರತಿಬಿಂಬದ ಬಲದಿಂದ. ಸ್ವಲ್ಪವೇ ಬಿಡಿಸಿದರೆ ಸಾಕು, ಉಳಿದದ್ದನ್ನು ಕನ್ನಡಿ ಬಿಡಿಸುತ್ತದೆ. ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ ಈ ಗುಟ್ಟನ್ನು ಕೆಲೈಡೋಸ್ಕೋಪ್ ಎಂಬ ಕೊಳವೆಯೊಳಗೆ ಇಟ್ಟು 1817ರಲ್ಲಿ ಪೇಟೆಂಟ್ ಪಡೆದರು. ಕುಶಲಕರ್ಮಿಗಳು ಅದನ್ನು ನೋಡಿ ನೋಡಿಯೇ ನಕಲು ಮಾಡಿ ಮಾರಿದರು. ಪೇಟೆಂಟ್ ಬ್ರೂಸ್ಟರ್ ಕೈಗೆ ಹೆಚ್ಚೇನೂ ತಂದುಕೊಡಲಿಲ್ಲ. ಆದರೆ 1819ರಲ್ಲಿ ಅವರು ಪ್ರಕಟಿಸಿದ ಪುಸ್ತಕ ಈಗಲೂ ಕೆಲಸಕ್ಕೆ ಬರುತ್ತದೆ. ಕನ್ನಡಿಗಳ ನಡುವಿನ ಕೋನ ವೃತ್ತವನ್ನು ಸರಿಯಾಗಿ ಭಾಗಿಸಬೇಕು, ಆ ಭಾಗಗಳ ಸಂಖ್ಯೆ ಸಮಸಂಖ್ಯೆಯೂ ಆಗಿರಬೇಕು ಎಂದು ಅವರು ಲೆಕ್ಕ ಹಾಕಿ ತೋರಿಸಿದ್ದರು. 60 ಡಿಗ್ರಿಗೆ 6 ಭಾಗ, 45ಕ್ಕೆ 8, 30ಕ್ಕೆ 12. 72 ಡಿಗ್ರಿ ಇಟ್ಟರೆ 5 ಭಾಗ ಬರುತ್ತದೆ. ನೇರವಾಗಿ ಕಾಣುವ ಭಾಗದ ಎದುರಿನ ಎರಡು ಭಾಗಗಳು ಸೇರುವಲ್ಲಿ ಗೆರೆ ಗೆರೆಗೆ ಕೂಡುವುದಿಲ್ಲ. ನಮ್ಮ ಶಾಲೆಗಳಲ್ಲಿ ಮಕ್ಕಳು ಮೂರು ಕನ್ನಡಿ ಪಟ್ಟಿಗಳನ್ನು ಕಟ್ಟಿ, ಬಳೆ ಚೂರು ಹಾಕಿ ಮಾಡುವ ಆಟಿಕೆಯಲ್ಲೂ ಇರುವುದು ಇದೇ 60 ಡಿಗ್ರಿ.

ಕಂಪ್ಯೂಟರಿನಲ್ಲಿ ಗಾಜೂ ಇಲ್ಲ, ಬೆಳಕೂ ಇಲ್ಲ. ಪರದೆಯ ಪ್ರತಿ ಚುಕ್ಕಿಗೂ ‘ನೀನು ಕೇಂದ್ರದಿಂದ ಎಷ್ಟು ದೂರ, ಯಾವ ಕೋನದಲ್ಲಿ?’ ಎಂದು ಕೇಳುವುದೊಂದೇ ಕೆಲಸ. ದೂರವನ್ನು ಹಾಗೇ ಬಿಟ್ಟು ಕೋನವನ್ನು ಮಡಚಬೇಕು. 60 ಡಿಗ್ರಿಯ ಕನ್ನಡಿ ಎಂದುಕೊಳ್ಳಿ, ಚುಕ್ಕಿ 200 ಡಿಗ್ರಿಯಲ್ಲಿದೆ. ಒಂದು ಭಾಗವೂ ಅದರ ಪ್ರತಿಬಿಂಬವೂ ಸೇರಿದ ಒಂದು ಸುತ್ತು 120. ಅದನ್ನು ಕಳೆದರೆ 80. ಅದು 60ನ್ನು ದಾಟಿದೆ, ಅಂದರೆ ಪ್ರತಿಬಿಂಬದ ಪಾಲಿನದು. 120ರಿಂದ 80 ಕಳೆಯಿರಿ, 40 ಬಂತು. ಮೂಲಚಿತ್ರದಲ್ಲಿ 40 ಡಿಗ್ರಿಯಲ್ಲಿ, ಅಷ್ಟೇ ದೂರದಲ್ಲಿ ಯಾವ ಬಣ್ಣವಿದೆಯೋ ಅದೇ ಈ ಚುಕ್ಕಿಯ ಬಣ್ಣ. ಲಕ್ಷಾಂತರ ಚುಕ್ಕಿಗಳಿಗೆ ಇದೇ ಲೆಕ್ಕ. ಬಳೆ ಚೂರಿನ ಆಟಿಕೆಯ ಹಿಂದೆ ಇಷ್ಟು ಸರಳವಾದ ಕೂಡು-ಕಳೆ ಇದೆ ಎಂಬುದೇ ನನಗೆ ಅದರ ದೊಡ್ಡ ಸೊಗಸು.

ಇದನ್ನು ಮಾಡಿ ನೋಡಲು ಹಣ ಬೇಕಿಲ್ಲ. ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದ ‘ಡಿಸ್ಟಾರ್ಟ್ಸ್’ ಪಟ್ಟಿಯಲ್ಲಿ ಕೆಲೈಡೋಸ್ಕೋಪ್ ಎಂಬ ಫಿಲ್ಟರ್ ಇದೆ. ತೆರೆದರೆ ಕನ್ನಡಿಗಳ ಸಂಖ್ಯೆಯ ಜೊತೆಗೆ ತಿರುಗಿಸುವ ಎರಡು ಸ್ಲೈಡರ್‌ಗಳು ಕಾಣುತ್ತವೆ. ಒಂದು ಕನ್ನಡಿಯನ್ನು ತಿರುಗಿಸುತ್ತದೆ, ಇನ್ನೊಂದು ತಯಾರಾದ ಚಿತ್ರವನ್ನು. ಹೆಚ್ಚಿನವರು ಎಡವುವುದು ಇಲ್ಲೇ. ತಯಾರಾದ ಚಿತ್ರವನ್ನು ತಿರುಗಿಸಿದರೆ ಅದು ಫ್ಯಾನಿನಂತೆ ತಿರುಗುತ್ತದೆ, ಅಷ್ಟೇ. ಯಾವ ಎಸಳೂ ಹುಟ್ಟುವುದಿಲ್ಲ, ಯಾವುದೂ ಮುಚ್ಚಿಕೊಳ್ಳುವುದಿಲ್ಲ. ಕನ್ನಡಿಯನ್ನು ತಿರುಗಿಸಿದಾಗ ಮಾತ್ರ ಮೂಲಚಿತ್ರದ ಹೊಸ ಹೊಸ ತುಂಡುಗಳು ಒಂದಂಚಿನಿಂದ ಒಳಗೆ ಬರುತ್ತವೆ, ಹಳೆಯವು ಇನ್ನೊಂದಂಚಿನಲ್ಲಿ ಕರಗುತ್ತವೆ. ಮಧ್ಯದಿಂದ ನಕ್ಷತ್ರ ಎದ್ದು ಹೂವಾಗಿ, ಹೂವು ಜಾಲರಿಯಾಗುವ ಆ ಚಲನೆ ಬರುವುದು ಕನ್ನಡಿಗೂ ಮೂಲಕ್ಕೂ ನಡುವಿನ ಸರಿದಾಟದಿಂದ. ಜಾತ್ರೆಯಲ್ಲಿ ಕೊಂಡ ಕೊಳವೆಯನ್ನು ತಿರುಗಿಸಿದಾಗಲೂ ಕಣ್ಣು ಕಾಯುವುದು ಚೂರುಗಳು ಜಾರುವ ಆ ಕ್ಷಣವನ್ನೇ.

ಆದ್ದರಿಂದ ಮೂಲಚಿತ್ರದ ಲೇಯರ್‌ನ 36 ಪ್ರತಿಗಳನ್ನು ಮಾಡಿಕೊಂಡು, ಕನ್ನಡಿಯ ಕೋನವನ್ನು 0ಯಿಂದ 10 ಡಿಗ್ರಿಯಂತೆ 180ರವರೆಗೆ ಹೆಚ್ಚಿಸಿ, ಹಾಗೇ ಇಳಿಸುತ್ತಾ 10ಕ್ಕೆ ಮರಳುವಂತೆ ಒಂದೊಂದಕ್ಕೂ ಫಿಲ್ಟರ್ ಹಾಕಿ. 36ನೆಯದು ಮುಗಿಯುವಾಗ ಹೋಗಿಬರುವ ಚಲನೆ ಪೂರ್ಣವಾಗಿ ಮೊದಲನೆಯದಕ್ಕೆ ತಾನೇ ಕೂಡಿಕೊಳ್ಳುತ್ತದೆ; ಎಲ್ಲೂ ಜರ್ಕ್ ಹೊಡೆಯುವುದಿಲ್ಲ. ಒಂದೊಂದು ಪ್ರತಿಯೂ ಅನಿಮೇಷನ್ನಿನ ಒಂದು ಫ್ರೇಮ್; ಸೆಕೆಂಡಿಗೆ 12 ಫ್ರೇಮ್ ಆದರೆ 3 ಸೆಕೆಂಡಿನ ಓಟ. ನನ್ನ ಕಣ್ಣಿಗೆ ಅದು ತುಸು ಅವಸರ. 5 ಡಿಗ್ರಿಯಂತೆ 72 ಫ್ರೇಮ್ ಮಾಡಿದರೆ 6 ಸೆಕೆಂಡ್ ಸಿಗುತ್ತದೆ, ವಿನ್ಯಾಸ ಉಸಿರಾಡಲು ಅಷ್ಟಾದರೂ ಬೇಕು. ಜಿಐಎಫ್ ಆಗಿ ಉಳಿಸಿದರೆ ಒಂದು ಫ್ರೇಮಿಗೆ 256 ಬಣ್ಣಗಳ ಮಿತಿ ಇರುತ್ತದೆ, ನಯವಾದ ಛಾಯೆಗಳು ಪಟ್ಟೆಪಟ್ಟೆಯಾಗುತ್ತವೆ; ವೆಬ್‌ಪಿ ಆದರೆ ಆ ತೊಂದರೆ ಇಲ್ಲ. ಆಫ್ಟರ್ ಎಫೆಕ್ಟ್ಸ್ ಬಳಸುವವರಿಗೆ ‘ಸಿಸಿ ಕಲೈಡಾ’ ಎಫೆಕ್ಟ್ ಇದೆ. ಅಲ್ಲಿ ಕೀಫ್ರೇಮ್ ಇಟ್ಟರಾಯಿತು, ಪ್ರತಿಗಳ ಗೋಜಿಲ್ಲ.

ಯಾವ ಚಿತ್ರವನ್ನು ಮೂಲವಾಗಿ ಕೊಡಬೇಕು ಎಂಬುದು ಇದಕ್ಕಿಂತ ಮುಖ್ಯ. ಮೊದಲ ಸಲಕ್ಕೆ ಎಲ್ಲರ ಕೈಯೂ ಹೂವಿನ ಫೋಟೊಗೋ ರಂಗೋಲಿಗೋ ಹೋಗುತ್ತದೆ. ಫಲ ಸಪ್ಪೆ. ದುಂಡಗೆ ಅರಳಿದ ಚೆಂಡುಹೂವನ್ನು ನಡುವೆ ಇಟ್ಟು ಕನ್ನಡಿ ಎಷ್ಟು ತಿರುಗಿಸಿದರೂ ಎಲ್ಲೆಡೆ ಅದೇ ಎಸಳು. ಆಗಲೇ ಸಮಮಿತಿ ತುಂಬಿರುವಲ್ಲಿ ಕನ್ನಡಿಗೆ ಮಾಡಲು ಏನೂ ಉಳಿದಿಲ್ಲ. ಅದಕ್ಕೆ ಬೇಕಾದದ್ದು ಅಸ್ತವ್ಯಸ್ತ. ಹೂವಿನ ಮಾರುಕಟ್ಟೆಯ ರಾಶಿ, ಗೋಣಿಚೀಲದ ಅಂಚು ಸಮೇತ. ಮಡಿಕೆ ಕೆದರಿದ ಇಳಕಲ್ ಸೀರೆ. ಬುಟ್ಟಿಯಿಂದ ಚೆಲ್ಲಿದ ಚನ್ನಪಟ್ಟಣದ ಗೊಂಬೆಗಳು. ಓರೆಯಾದ ಗೆರೆಗಳಿರಲಿ, ಗಾಢ ಬಣ್ಣದ ಪಕ್ಕದಲ್ಲಿ ಖಾಲಿ ಕತ್ತಲೂ ಇರಲಿ. ಆ ಕತ್ತಲೇ ಮುಂದೆ ಎಸಳುಗಳ ನಡುವಿನ ಬಿಡುವು. ಚಿತ್ರವನ್ನು ಚೌಕಕ್ಕೆ ಕತ್ತರಿಸಿ, ಬೇಕಾದದ್ದಕ್ಕಿಂತ ದೊಡ್ಡದಾಗಿಯೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಕನ್ನಡಿ ಅಂಚಿನ ಕಡೆಗೆ ತಿರುಗಿದಾಗ ಫೋಟೊದ ಹೊರಗಿನ ಖಾಲಿ ಜಾಗವೂ ವಿನ್ಯಾಸದೊಳಗೆ ನುಗ್ಗುತ್ತದೆ.

ಇಷ್ಟಾದರೂ ಪರದೆಯ ಕೆಲೈಡೋಸ್ಕೋಪ್ ಕೆಲವೊಮ್ಮೆ ಟೈಲ್ಸ್ ಅಂಗಡಿಯ ಮಾದರಿ ಹಾಳೆಯಂತೆ ಚಪ್ಪಟೆಯಾಗಿ ಕಾಣುತ್ತದೆ. ನಿಜವಾದ ಕನ್ನಡಿ ಪ್ರತಿ ಸಲವೂ ಸ್ವಲ್ಪ ಬೆಳಕನ್ನು ನುಂಗುತ್ತದೆ. ಪ್ರತಿಬಿಂಬದ ಪ್ರತಿಬಿಂಬ ಮಬ್ಬಾಗುತ್ತಾ ಹೋಗುತ್ತದೆ. ಕಣ್ಣಿಗೆ ಆಳ ಕಾಣುವುದು ಆ ಮಬ್ಬಿನಿಂದ. ಕಂಪ್ಯೂಟರಿನ ಲೆಕ್ಕಕ್ಕೆ ಆರೂ ಭಾಗ ಒಂದೇ. ಅದಕ್ಕೇ ನಾನು ಎಲ್ಲ ಫ್ರೇಮುಗಳ ಮೇಲೂ ಒಂದು ಕಪ್ಪು ಛಾಯೆಯನ್ನು ತೆಳುವಾಗಿ ಹರಡುತ್ತೇನೆ: ನೇರವಾಗಿ ಕಾಣುವ ಭಾಗ ಪೂರ್ತಿ ಬೆಳಗಿರಬೇಕು, ಅದರ ಎದುರಿನ ಭಾಗ ಎಲ್ಲಕ್ಕಿಂತ ಮಂಕಾಗಿರಬೇಕು. ಈ ಛಾಯೆ ತಿರುಗಬಾರದು. ವಿನ್ಯಾಸ ಮಾತ್ರ ಅದರಡಿಯಲ್ಲಿ ಅರಳುತ್ತಾ ಹೋಗಬೇಕು. ಆಗ ನೋಡುವವರಿಗೆ ಒಂದು ಕೊಳವೆಯೊಳಗೆ ಇಣುಕಿದ ಅನುಭವ ಸಿಗುತ್ತದೆ.